ಕಾಳು ಹಿದುಕದ ಚಳಿಗಾಲ

ಬೆಳಗಿನಿಂದ ನನ್ನ ಬೆರಳನ್ನು ನಾನೇ ಮೂಸಿಕೊಳ್ಳುತ್ತಾ ಕೂತಿದ್ದೇನೆ. ಅರವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಎಳೆಬಿಸಿಲಿಗೆ ಮೆಟ್ಟಿಲ ಮೇಲೆ ಕೂತು ಹೀಗೆ ಮಾಡುತ್ತಿದ್ದರೆ ಮೇಲಿನ ಮನೆಯ ಬಾಡಿಗೆಯವರು ಇಳಿದು ಬರುವಾಗ ಒಂದು ಗಳಿಗೆ ನಿಂತು ನೋಡುತ್ತಾರೆ. ನೋಡಲಿ. ಸೊಗಡಿನ ಅವರೆಕಾಯಿಯ ವಾಸನೆಯೇ ಹಾಗೆ. ಸೋಪು ಹಾಕಿ ತೊಳೆದರೂ, ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಎರಡು ದಿನ ಬೆರಳ ಸಂದಿ ಬಿಟ್ಟು ಏಳುವುದಿಲ್ಲ. ಹಸಿ ಎಲೆ, ಇಬ್ಬನಿ, ಒಂಚೂರು ಎಣ್ಣೆ, ಒಂಚೂರು ಮಣ್ಣು ಎಲ್ಲ ಸೇರಿದರೆ ಏನಾಗುತ್ತದೋ ಅದು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ಗೊತ್ತಿರುವವರು ನನ್ನ ಹಾಗೆ ಕೂತುಬಿಡುತ್ತಾರೆ.

ನಮ್ಮ ಕಡೆ ವರ್ಷಕ್ಕೆ ಮೂರು ಕಾಲ. ಬೇಸಿಗೆ, ಮಳೆಗಾಲ, ಅವರೆಕಾಯಿ ಕಾಲ. ಈಗ ನಾನು ಕೂತಿರುವ ಈ ಮೆಟ್ಟಿಲಿನ ಜಾಗದಲ್ಲಿ ನಮ್ಮಪ್ಪ ರಾಗಿ ಬಿತ್ತುತ್ತಿದ್ದರು. ಜೆ.ಪಿ. ನಗರ ಎಂಬ ಹೆಸರು ನಮ್ಮ ಸಾರಕ್ಕಿಯ ಬಾಗಿಲಿಗೆ ಇನ್ನೂ ಬಂದಿರಲಿಲ್ಲ. ಕೆಲವು ಸಾಲು ರಾಗಿ ಆದ ಮೇಲೆ ಒಂದು ಸಾಲು ಅವರೆ. ಅದಕ್ಕೆ ಅಕ್ಕಡಿ ಎನ್ನುತ್ತಿದ್ದರು. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಹೊಲದಲ್ಲಿ ಅವರೆ ಮಾತ್ರ ನಿಂತಿರುತ್ತಿತ್ತು, ಎಲ್ಲರೂ ಎದ್ದು ಹೋದ ಮೇಲೂ ಪಂಕ್ತಿಯಲ್ಲಿ ಕೂತ ನೆಂಟನ ಹಾಗೆ. ಬೆಳಗಿನ ಮಂಜಿನಲ್ಲಿ ಕೆರೆ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆ ಬಿಳುಪಿನ ಒಳಗೆ ಕೈ ಹಾಕಿ ಕಾಯಿ ಕಿತ್ತರೆ ಮೊಣಕೈವರೆಗೂ ನೆನೆಯುತ್ತಿತ್ತು. ಇಬ್ಬನಿ ಹೆಚ್ಚು ಬಿದ್ದಷ್ಟೂ ಸೊಗಡು ಹೆಚ್ಚು ಅಂತ ಅಪ್ಪ ಹೇಳುತ್ತಿದ್ದರು. ಈಗಲೂ ಒಮ್ಮೊಮ್ಮೆ ಡಿಸೆಂಬರ್ ಬೆಳಗ್ಗೆ ಬಾಗಿಲು ತೆಗೆದಾಗ ಎದುರಿನ ನಾಲ್ಕು ಮಹಡಿ ಮಂಜಿನಲ್ಲಿ ಕರಗಿಹೋಗಿರುತ್ತದೆ. ಆಗ ನನಗೆ ಒಂದು ಗಳಿಗೆ ಹೊಲವೇ ಕಾಣುತ್ತದೆ. ಆಮೇಲೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಾರೆ.

ಅವರೆ ಸಿಕ್ಕಿತೆಂದರೆ ಹಿದುಕಿದ ಬೇಳೆ ಆಗಲೇಬೇಕು. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕಾಯಿ ಬಿಡಿಸಿ ಕಾಳನ್ನು ಸಂಜೆ ನೀರಿಗೆ ಹಾಕಬೇಕು. ಬೆಳಗ್ಗೆ ಹೊತ್ತಿಗೆ ಅದು ಉಬ್ಬಿ, ಸಿಪ್ಪೆ ಸಡಿಲವಾಗಿ, ಅಳತೆ ತಪ್ಪಿ ಹೊಲಿದ ರವಿಕೆಯಂತಾಗಿರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಒಳಗಿನ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಹೀಗೆ ಒಂದೊಂದೇ ಕಾಳು. ಅವಸರದವರ ಕೆಲಸವಲ್ಲ. ಒಬ್ಬರ ಕೆಲಸವೂ ಅಲ್ಲ.

ನಮ್ಮ ಮನೆಯಲ್ಲಿ ಹಿದುಕುವವರು ಇಬ್ಬರು, ನಾನು ಮತ್ತು ನನ್ನ ತಮ್ಮ ಮಂಜ. ಎದುರುಬದುರು ಕೂರುತ್ತಿದ್ದೆವು, ನಡುವೆ ಕಾಳಿನ ಪಾತ್ರೆ. ಹೆಬ್ಬೆರಳನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದರೆ ಬೇಳೆ ಪಾತ್ರೆಗೆ ಬೀಳುವ ಬದಲು ಎದುರಿಗಿದ್ದವರ ಮುಖಕ್ಕೆ ಹೋಗುತ್ತದೆ. ಮಂಜ ಇದರಲ್ಲಿ ನಿಪುಣ. ಮೂಗಿಗೆ ಹೊಡೆಯುತ್ತೇನೆ ಎಂದರೆ ಮೂಗಿಗೇ ಹೊಡೆಯುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಕಾಳಲ್ಲಿ ಆಟ ಆಡಿದ್ರೆ ಇಬ್ರಿಗೂ ಸೌಟಲ್ಲಿ ಬೀಳ್ತೈತೆ ನೋಡಿ!" ಆಮೇಲೆ ಬಂದು, ನನ್ನ ತಲೆಗೂದಲಲ್ಲಿ ಸಿಕ್ಕಿಕೊಂಡ ಬೇಳೆಯನ್ನು ಹೆಕ್ಕಿ, ಸೀರೆಗೆ ಒರೆಸಿ ಪಾತ್ರೆಗೇ ಹಾಕುತ್ತಿದ್ದಳು. ಅಷ್ಟು ಹೊತ್ತು ಕೂತು ಹಿದುಕಿದ ಮೇಲೆ ಊಟಕ್ಕೆ ಕೂತರೆ ಸಾರಿನಲ್ಲಿ ಒಂದೊಂದು ಬೇಳೆಯೂ ಪರಿಚಯದವರ ಹಾಗೆ ಕಾಣುತ್ತಿತ್ತು. ಬಾಚಿಕೊಂಡು ತಿನ್ನಲು ಮನಸ್ಸೇ ಬರುತ್ತಿರಲಿಲ್ಲ. ಮುದ್ದೆಗೆ ಒತ್ತಿಕೊಂಡು ನಿಧಾನವಾಗಿ ನುಂಗುತ್ತಿದ್ದೆವು.

ಊಟದ ಹೊತ್ತಿಗೆ ಅವ್ವನದೊಂದು ಕಟ್ಟಳೆ ಇತ್ತು. ಉಣ್ಣುವವರ ತಟ್ಟೆಯನ್ನು ನೋಡಬಾರದು. ಮಂಜ ಚೆನ್ನಾಗಿ ತಿನ್ನುವ ಹುಡುಗ. ಅವನು ಉಣ್ಣುವಾಗ ಯಾರಾದರೂ ಬಂದರೆ ಅವನನ್ನು ಗೋಡೆ ಕಡೆ ತಿರುಗಿಸಿ ಕೂರಿಸುತ್ತಿದ್ದಳು. ನಾನು ಕದ್ದು ಅವನ ತಟ್ಟೆಯ ಕಡೆ ಕಣ್ಣು ಹಾಯಿಸಿದರೆ, "ನಿನ್ ತಟ್ಟೆ ನೋಡ್ಕೊಂಡು ಉಣ್ಣೇ. ಇನ್ನೊಬ್ರು ನೋಡಿದ್ ಅನ್ನ ಮೈಗತ್ತಲ್ಲ" ಅನ್ನುತ್ತಿದ್ದಳು. ಅವ್ವನ ಎಷ್ಟೋ ಮಾತನ್ನು ನಾನು ಪಾಲಿಸಿದ್ದೇನೆ. ಒಲೆಗೆ ನೀರು ಸುರಿದಿಲ್ಲ, ಹೊಸ್ತಿಲ ಮೇಲೆ ಕೂತಿಲ್ಲ. ಇದೊಂದನ್ನು ಮಾತ್ರ ಮುದುಕಿಯಾದ ಮೇಲೆ ಮುರಿದೆ. ಎಂಥಾ ಮುರಿತ ಅಂದರೆ ಅವನಿಗೆ ನನ್ನ ಮನೆಯ ಅನ್ನವೇ ಸೇರದೆ ಹೋಯಿತು.

ಆದರೆ ಅದಕ್ಕೆ ಮುಂಚೆ ಬೆಲ್ಲದ ವಿಷಯ ಹೇಳಬೇಕು.

ಅವ್ವ ಕಳೆ ಕೀಳಲು ಹೋದಾಗ ಮಂಜನನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಹೀಗೆ. ಯಾರೂ ಬಿಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹೊಂಗೆ ಮರದ ನೆರಳಿನಲ್ಲಿ ಗೋಣಿತಾಟು ಹಾಸಿ ಅವನನ್ನು ಆಡಿಸುತ್ತಿದ್ದೆ. ಅವನು ಅತ್ತರೆ ಅವ್ವನಿಗೆ ಕೇಳಿಸಿ ಕೆಲಸ ಬಿಟ್ಟು ಬರುತ್ತಾಳೆ, ಬಂದರೆ ನನಗೆ ಬೈಗುಳ. ಅದಕ್ಕೆ ಲಂಗದ ಸೊಂಟದಲ್ಲಿ ಒಂದು ಬೆಲ್ಲದ ಉಂಡೆ ಸಿಕ್ಕಿಸಿಕೊಂಡಿರುತ್ತಿದ್ದೆ. ಬಾಯಿ ತೆರೆದನೋ, ಬೆಲ್ಲ ಇಟ್ಟೆ. ಆಗ ಅವನ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು, ಕಣ್ಣು ಅರ್ಧ ಮುಚ್ಚಿಕೊಂಡು, ಎಲ್ಲೋ ದೂರದ ಸದ್ದು ಕೇಳಿಸಿಕೊಳ್ಳುವವನ ಹಾಗೆ. ಕೆನ್ನೆಯ ಮೇಲಿನ ಕಣ್ಣೀರೂ ಬೆಲ್ಲದ ನೀರೂ ಸೇರಿ ಇರುವೆ ಹತ್ತುತ್ತಿದ್ದವು. ಒಂದೊಂದಾಗಿ ತೆಗೆದು ಬಿಡುತ್ತಿದ್ದೆ.

ಆ ಮಂಜನಿಗೆ ಈಗ ಮೀಸೆ ನರೆತಿದೆ. ಅರೆಕೆರೆಯಲ್ಲಿ ಮನೆ, ಬಿ.ಟಿ.ಎಂ.ನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಂದೂವರೆ ವರ್ಷದ ಹಿಂದೆ ಅವನಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಅವನ ಹೆಂಡತಿ ಲತಾ ಫೋನ್ ಮಾಡಿ ಹೇಳಿದಾಗ ನನಗೆ ನೆನಪಾದದ್ದು ಲಂಗದ ಸೊಂಟದ ಬೆಲ್ಲ. ಹಠ ಹಿಡಿದು ಅವನ ಜೊತೆ ಡಾಕ್ಟರ ಹತ್ತಿರ ಹೋದೆ.

"ಡಾಕ್ಟ್ರೇ, ಚಿಕ್ಕೋನಿದ್ದಾಗ ಇವನಿಗೆ ನಾನು ಬೆಲ್ಲ ತಿನ್ನಿಸ್ತಿದ್ದೆ. ಅದಕ್ಕೇ ಬಂತಾ?" ಅಂತ ಕೇಳಿದೆ.

ಡಾಕ್ಟರು ನಕ್ಕು, "ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು. ಮಂಜನೂ ನಕ್ಕ. ನಾನು ಡಾಕ್ಟರನ್ನು ನಂಬಲಿಲ್ಲ. ಅವರು ಇರುವೆ ನೋಡಿರಲಿಲ್ಲವಲ್ಲ.

ಆಗ ಶುರುವಾಯಿತು ನನ್ನ ಊಟದ ವ್ರತ. ನಮ್ಮ ಪಾರ್ಕಿಗೆ ಭಾನುವಾರ ಬೆಳಗ್ಗೆ ಒಬ್ಬ ಮೇಡಂ ಬಂದು ಆಹಾರದ ಬಗ್ಗೆ ಮಾತಾಡುತ್ತಿದ್ದರು. ಪಾಲಿಶ್ ಮಾಡದ ಅಕ್ಕಿ ತಿನ್ನಿ, ಜರಡಿ ಹಿಡಿಯದ ಹಿಟ್ಟು ತಿನ್ನಿ, ಸಿಪ್ಪೆ ಸಮೇತ ಕಾಳು ತಿನ್ನಿ, ಪೊಟ್ಟಣದ್ದು ಬಿಟ್ಟು ಹೊಲದ ಹತ್ತಿರದ್ದನ್ನು ತಿನ್ನಿ, ನಿಧಾನವಾಗಿ ತಿನ್ನಿ, ಸಂತೋಷವಾಗಿ ತಿನ್ನಿ ಎನ್ನುತ್ತಿದ್ದರು. ಮೊದಲಿನ ಮಾತುಗಳೆಲ್ಲ ನನಗೆ ಬಾಯಿಪಾಠವಾದವು. ಕೊನೆಯ ಮಾತು ಹೇಳುವ ಹೊತ್ತಿಗೆ ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆನೆಂದು ಕಾಣುತ್ತದೆ.

ಸುಳ್ಳು ಹೇಳಬಾರದು, ಆ ಊಟದಿಂದ ನನಗೆ ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ನಾನು ಕೂತು ಉಂಡವಳೇ ಅಲ್ಲ. ಒಲೆ ಕಟ್ಟೆಗೆ ಒರಗಿ, ಒಂದು ಕಣ್ಣು ಹಾಲಿನ ಮೇಲೆ, ಒಂದು ಕಿವಿ ಕುಕ್ಕರಿನ ಮೇಲೆ ಇಟ್ಟು, ಮೆತ್ತನೆ ಬಿಳಿ ಅನ್ನವನ್ನು ಒಳಕ್ಕೆ ತಳ್ಳಿ ಮುಗಿಸುತ್ತಿದ್ದೆ. ತಿಂದದ್ದು ಏನೆಂದು ಕೇಳಿದರೆ ಪಾತ್ರೆ ನೋಡಿ ಹೇಳಬೇಕಿತ್ತು. ನವಣೆ ಅನ್ನ, ದಪ್ಪ ರೊಟ್ಟಿ ಹಾಗೆ ಬಿಡುವುದಿಲ್ಲ. ಅಗಿಯಲೇಬೇಕು. ಅಗಿಯಬೇಕಾದರೆ ಕೂರಬೇಕು. ಕೂತರೆ ಕಿಟಕಿ ಕಾಣುತ್ತದೆ. ಹಾಗೆ ಒಂದು ಮಧ್ಯಾಹ್ನ ಜರಡಿ ಹಿಡಿಯದ ರಾಗಿ ರೊಟ್ಟಿ ಅಗಿಯುತ್ತಾ ಕಿಟಕಿಯ ಆಚೆ ನುಗ್ಗೆ ಮರ ನೋಡುತ್ತಿದ್ದಾಗ ಬಾಯಲ್ಲಿ ಒಂದು ಸಿಹಿ ಎದ್ದಿತು. ಸಕ್ಕರೆಯ ಸಿಹಿಯಲ್ಲ. ಕಣದಲ್ಲಿ ರಾಗಿ ತೂರುವಾಗ ಗಾಳಿಗೆ ಇರುತ್ತಿತ್ತಲ್ಲ, ಅಂಥದ್ದು. ಇಷ್ಟು ವರ್ಷ ಇದು ಎಲ್ಲಿತ್ತು ಅಂದುಕೊಂಡೆ. ಅವತ್ತು ಜರಡಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ್ದು, ಇವತ್ತಿಗೂ ಇಳಿಸಿಲ್ಲ.

ತೊಂದರೆ ಬಂದದ್ದು ನನಗೆ ಸಿಕ್ಕ ಸಿಹಿಯನ್ನು ಉಳಿದವರ ಬಾಯಿಗೆ ತುರುಕಲು ಹೊರಟಾಗ. ನಮ್ಮ ಯಜಮಾನರು ನನ್ನ ಸಾಮೆ ದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಬಾಗಿಲ ಮುಂದೆ ಹಾಕಿದ್ರೆ ಕಾಲೊರೆಸ್ಕೊಂಡು ಬರಬೌದು" ಅಂದರು. ಆಮೇಲೆ ಅವರಿಗೆ ಇದ್ದಕ್ಕಿದ್ದಂತೆ ಬೆಳಗಿನ ವಾಕಿಂಗ್ ಮೇಲೆ ಪ್ರೀತಿ ಬಂತು. ವಾಕಿಂಗಿನಿಂದ ಬಂದವರ ಮೀಸೆ ಉದ್ದಿನವಡೆಯ ವಾಸನೆ ಹೊಡೆಯುತ್ತಿತ್ತು. ನಾನು ಗೊತ್ತಿಲ್ಲದವಳಂತೆ ಇದ್ದೆ. ಗಂಡನ ವಿಷಯದಲ್ಲಿ ಇಷ್ಟು ದೊಡ್ಡ ಮನಸ್ಸು ಮಾಡಿದವಳು ತಮ್ಮನ ವಿಷಯದಲ್ಲಿ ಮಾಡಲಿಲ್ಲ. ಗಂಡನಿಗೆ ನಾನು ಬೆಲ್ಲ ತಿನ್ನಿಸಿರಲಿಲ್ಲ, ಅದಕ್ಕಿರಬೇಕು.

ಮಂಜ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಮದುವೆಯಾದಾಗಿನಿಂದ ಬಂದ ರೂಢಿ. ಅವನ ತಟ್ಟೆಯ ಎದುರಿಗೇ ನಾನು ಕೂರತೊಡಗಿದೆ. ಅವನ ಕೈ ಅನ್ನದ ಪಾತ್ರೆಗೆ ಹೋದರೆ ನನ್ನ ಕಣ್ಣು ಅದರ ಹಿಂದೆ ಹೋಗುತ್ತಿತ್ತು. "ಸೊಪ್ಪು ಹಾಕ್ಕೊ. ಅಗಿದು ತಿನ್ನು. ಸಾಕು. ಅದು ಬೇಡ." ಅವನು ಹೇಳಿದಂತೆ ಕೇಳುತ್ತಿದ್ದ. ಚಿಕ್ಕಂದಿನಿಂದಲೂ ನನ್ನ ಮಾತು ಕೇಳುವವನೇ.

ಆ ಚಳಿಗಾಲ ಅವರೆಕಾಯಿ ಬಂತು. ಮಂಜ ಪ್ಯಾಂಟಿನ ಕಾಲು ಮಡಚಿಕೊಂಡು, ಪಾತ್ರೆ ಎಳೆದುಕೊಂಡು ಕೂತ. ನಾನು ಪಾತ್ರೆ ಕಿತ್ತುಕೊಂಡೆ.

"ಹಿದುಕೋದ್ ಬೇಡ. ಸಿಪ್ಪೇಲೇ ಸತ್ವ ಇರೋದು. ಇನ್ಮೇಲಿಂದ ಸಿಪ್ಪೆ ಸಮೇತ ಸಾರು."

"ಅಕ್ಕಾ, ವರ್ಸಕ್ ಒಂದ್ಸಲ ತಿನ್ನೋದು ಕಣಕ್ಕ."

"ವರ್ಸಕ್ ಒಂದ್ಸಲಾನೂ ಸತ್ವ ಬೇಕು."

ಸಿಪ್ಪೆ ಸಾರಿಗೆ ದೋಷವೇನಿಲ್ಲ. ಆರೋಗ್ಯಕ್ಕೆ ಒಳ್ಳೆಯದು, ರುಚಿಯೂ ಇತ್ತು. ಮಂಜ ಉಂಡ. ಉಂಡು ಕೈ ತೊಳೆದು ಬಂದು, "ಸಾರು ಚೆನ್ನಾಗೈತೆ. ಆದ್ರೆ ಕೈಗೇನೂ ಕೆಲ್ಸ ಇಲ್ಲ, ನೋಡು" ಎಂದು ಎರಡೂ ಅಂಗೈ ತೋರಿಸಿದ. ನಾನು ಜೋಕು ಅಂದುಕೊಂಡೆ. ಅವತ್ತು ಅವನು ಬಂದು, ಉಂಡು, ಹೊರಟದ್ದು ಎಷ್ಟು ಬೇಗ ಮುಗಿಯಿತೆಂದರೆ ಆಮೇಲಿನ ಮಧ್ಯಾಹ್ನವೆಲ್ಲ ಮನೆಯಲ್ಲಿ ಏನೋ ಉಳಿದುಹೋದ ಹಾಗಿತ್ತು. ಏನೆಂದು ತಿಳಿಯದೆ ಮಲಗಿಬಿಟ್ಟೆ.

ಇನ್ನು ಛತ್ರದ ಮಾತು. ಇದನ್ನು ಬರೆಯದೆ ಮುಂದೆ ಹೋಗೋಣ ಎಂದು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ಆ ಬೇಸಿಗೆಯಲ್ಲಿ ಮಂಜನ ಮಗಳ ನಿಶ್ಚಿತಾರ್ಥ, ಬನಶಂಕರಿಯ ಒಂದು ಛತ್ರದಲ್ಲಿ. ಊಟದ ಸಾಲಿನಲ್ಲಿ ಅವನು ಗಂಡಿನ ತಂದೆಯ ಪಕ್ಕ ಕೂತಿದ್ದ. ನಾನು ಎದುರು ಸಾಲಿನಲ್ಲಿ. ಹೋಳಿಗೆ ಬಂತು. ಒಂದು ತಿಂದ. ಬಡಿಸುವವನು ಮತ್ತೆ ಬಂದಾಗ ಮಂಜ ಮುಖ ಎತ್ತಿದ. ಆ ಮುಖದಲ್ಲಿ ಹೊಂಗೆ ಮರದ ಕೆಳಗಿನ ಅದೇ ಬೆಳಕಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಮಗಳ ಸಂತೋಷಕ್ಕೆ ಮನೆಯ ಯಜಮಾನ ಇನ್ನೊಂದು ಹೋಳಿಗೆ ಕೇಳುತ್ತಿದ್ದ, ಅಷ್ಟೇ.

"ಅವನಿಗೆ ಹಾಕ್ಬೇಡಪ್ಪ!" ಅಂತ ನಾನು ಎರಡು ಸಾಲಿಗೂ ಕೇಳುವಂತೆ ಕೂಗಿದೆ. "ಶುಗರ್ ಐತೆ ಅವನಿಗೆ. ಒಂದೇ ಜಾಸ್ತಿ ಆಯ್ತು."

ಬೀಗರು ನಕ್ಕರು. "ಏನ್ ಬೀಗರೇ, ನಿಮ್ಮಕ್ಕ ಪೊಲೀಸ್ ಡಿಪಾರ್ಟ್‌ಮೆಂಟಾ?" ಸಾಲು ಪೂರ್ತಿ ನಕ್ಕಿತು. ಮಂಜನೂ ನಕ್ಕ. ನಗುತ್ತಲೇ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದ. ಆಮೇಲೆ ಅನ್ನ ಬಂತು, ಸಾರು ಬಂತು, ಮಜ್ಜಿಗೆ ಬಂತು. ಎಲ್ಲದಕ್ಕೂ ಆ ಕೈ ಅಡ್ಡವೇ ಇತ್ತು. ಎಲ್ಲರೂ ಏಳುವವರೆಗೆ ಎಲೆ ಮುಚ್ಚಿಕೊಂಡೇ ಕೂತಿದ್ದ. ನನಗೆ ಆಗಲೂ ತಿಳಿಯಲಿಲ್ಲ. ಪರವಾಗಿಲ್ಲ, ಮಾತು ಕೇಳಿದ ಎಂದು ಸಮಾಧಾನವಾಯಿತು. ಎಂಥಾ ಸಮಾಧಾನ!

ಅಲ್ಲಿಂದ ಮುಂದೆ ಭಾನುವಾರ ಅವನು ಬರುವುದೇನೋ ನಿಲ್ಲಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಊಟ ಆಯ್ತಕ್ಕ" ಅನ್ನುತ್ತಿದ್ದ. ಎಷ್ಟು ಬೇಗ ಬಂದರೂ ಊಟ ಆಗಿರುತ್ತಿತ್ತು. ನೀರು ಕುಡಿದು, ಭಾವನ ಹತ್ತಿರ ಕ್ರಿಕೆಟ್ ಮಾತಾಡಿ ಹೊರಟುಬಿಡುತ್ತಿದ್ದ. ನಾನು ಮಾಡಿದ ಕೊರಲೆ ಅಕ್ಕಿಯ ಬಿಸಿಬೇಳೆಬಾತ್ ನಮ್ಮಿಬ್ಬರಿಗೆ ಸೋಮವಾರದವರೆಗೂ ಬರುತ್ತಿತ್ತು.

ಒಂದು ದಿನ ಲತಾ ಒಬ್ಬಳೇ ಬಂದಳು. ಲತಾ ಮೆಲ್ಲಗೆ ಮಾತಾಡುವವಳು. ಕಾಫಿ ಲೋಟ ತಿರುಗಿಸುತ್ತಾ ಹೇಳಿದಳು: "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಇವರ ಶುಗರ್ ಇಳೀತಾನೇ ಇಲ್ಲ. ಸ್ಕೂಟರ್ ಡಿಕ್ಕಿ ತೆಗೆದ್ರೆ ಬೇಕರಿ ವಾಸ್ನೆ ಬರುತ್ತೆ. ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು, ಚೂರು ಚೂರು ಬಿದ್ದಿರುತ್ತೆ."

"ಮೊದಲೂ ತಿಂತಿದ್ನಲ್ಲ, ಕಳ್ಳ."

"ಮೊದಲು ತಿಂದ್ರೆ ಮನೆಗೆ ಬಂದು ಹೇಳ್ತಿದ್ರು. 'ಲತಾ, ಇವತ್ತು ಒಂದು ಬಿಸ್ಕತ್ ತಿಂದೆ, ರಾತ್ರಿ ಅನ್ನ ಬೇಡ' ಅಂತ. ಈಗ ಹೇಳಲ್ಲ ಅತ್ತಿಗೆ. ಒಂದು ಅಂತಾನೂ ಇಲ್ಲ."

ಲತಾ ಹೋದ ಮೇಲೆ ಲೋಟ ತೊಳೆಯಲೂ ಏಳಲಿಲ್ಲ. ಬೆಲ್ಲ ಇಟ್ಟು ಅವನಿಗೆ ರೋಗ ತಂದೆ ಎಂದು ಇಷ್ಟು ದಿನ ಕೊರಗಿದ್ದೆ. ಅದು ನನ್ನ ತಪ್ಪಾಗಿರಲೇ ಇಲ್ಲ. ನಿಜವಾದ ತಪ್ಪು ಮಾಡುವಾಗ ಮಾತ್ರ ಪುಣ್ಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಹಸಿವಾದರೆ ಹೇಳಿ ತಿನ್ನುತ್ತಿದ್ದ, ಸಾಕಾದರೆ ಹೇಳಿ ಬಿಡುತ್ತಿದ್ದ ಮನುಷ್ಯನನ್ನು ನಾನು ಕದ್ದು ತಿನ್ನುವವನನ್ನಾಗಿ ಮಾಡಿದ್ದೆ. ನನ್ನ ಅಕ್ಕಿ, ಹಿಟ್ಟು, ಸೊಪ್ಪು ಎಲ್ಲ ಸರಿಯಾಗಿದ್ದವು. ಅದನ್ನು ಬಡಿಸಿದ ಕಣ್ಣು ಸರಿ ಇರಲಿಲ್ಲ. ಹೀಗೇ ಬಿಟ್ಟರೆ ಆ ಬೇಕರಿಯ ಮುಂದೆ ನಿಂತು ನಿಂತು ಅವನು ಒಂದು ದಿನ ಏನಾಗುತ್ತಾನೆ ಎಂದು ಯೋಚಿಸುತ್ತಾ ರಾತ್ರಿ ಎದ್ದು ಕೂರುತ್ತಿದ್ದೆ. ಆದರೆ ಹೇಗೆ ಕರೆಯುವುದು? ಊಟಕ್ಕೆ ಬಾ ಎಂದರೆ 'ಆಯ್ತಕ್ಕ' ಎನ್ನುತ್ತಾನೆ. ತಪ್ಪಾಯಿತು ಎನ್ನೋಣವೆಂದರೆ ದೊಡ್ಡವಳೆಂಬ ಬಿಂಕ ಬಿಡುತ್ತಿರಲಿಲ್ಲ.

ಮತ್ತೆ ಚಳಿ ಬಂತು. ಮೊನ್ನೆ ಸಂಜೆ ಸಾರಕ್ಕಿ ಮಾರ್ಕೆಟ್ಟಿಗೆ ಕೊತ್ತಂಬರಿ ತರಲು ಹೋಗಿದ್ದೆ. ರಸ್ತೆ ಬದಿ ಉದ್ದಕ್ಕೂ ಅವರೆಕಾಯಿಯ ಗುಡ್ಡೆ. ಬಸ್ಸಿನ ಹೊಗೆ, ಹಾರನ್ನು, ಆಟೋದವರ ಜಗಳ, ಇವುಗಳ ಮಧ್ಯೆ ಆ ಸೊಗಡು ಎದ್ದು ಬಂದು ಕೈ ಹಿಡಿದು ನಿಲ್ಲಿಸಿತು. ಕಾಯಿ ಒಂದನ್ನು ಎತ್ತಿ, ಮುರಿದು, ಮೂಸಿ ನೋಡಿದೆ. ಎಷ್ಟು ಹೊತ್ತು ಮೂಸಿದೆನೋ, ಗುಡ್ಡೆಯ ಹಿಂದಿನ ಹೆಂಗಸು, "ಯಾಕಕ್ಕ, ಕಾಯಿ ಒಳಗೇ ಹೋಗ್ಬಿಟ್ಯಾ? ತಗೊಳ್ಳೋದಾದ್ರೆ ತಗೊ, ಇಬ್ಬನಿ ಬಿದ್ದ ಮಾಲು" ಅಂದಳು. ಬುಟ್ಟಿ ತುಂಬ ತಂದುಬಿಟ್ಟೆ. ಮನೆಯಲ್ಲಿರುವುದು ಇಬ್ಬರು; ಅದರಲ್ಲೂ ಯಜಮಾನರು ಮಾರನೆಯ ದಿನ ಬೆಳಗ್ಗೆಯೇ ವಿಲ್ಸನ್ ಗಾರ್ಡನ್ನಿನ ಅವರ ಅಣ್ಣನ ಮನೆಗೆ ಹೊರಟಿದ್ದರು. ಕೊತ್ತಂಬರಿ ಮರೆತಿದ್ದೆ.

ಕಾಯಿ ಬಿಡಿಸಿ ಕಾಳು ನೆನೆಸಿದೆ. ನಿನ್ನೆ ಬೆಳಗ್ಗೆ ಒಬ್ಬಳೇ ಹಿದುಕಲು ಕೂತೆ. ಎದುರಿಗೆ ಖಾಲಿ ಚಾಪೆ. ಸ್ವಲ್ಪ ಹೊತ್ತಿಗೇ ಹೆಬ್ಬೆರಳು ಸುಕ್ಕುಗಟ್ಟಿತು. ಪಾತ್ರೆಯಲ್ಲಿ ಕಾಳು ಹಾಗೇ ಇತ್ತು. ಒಂದು ಬೇಳೆ ಕೈ ತಪ್ಪಿ ಹಾರಿ ಎದುರಿನ ಗೋಡೆಗೆ ಹೊಡೆದು ಕೆಳಗೆ ಬಿತ್ತು. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಆಗ ತಿಳಿಯಿತು ಕಳೆದ ಚಳಿಗಾಲ ಮನೆಯಲ್ಲಿ ಉಳಿದುಹೋದ ಹಾಗೆ ಅನಿಸಿದ್ದು ಏನು ಎಂದು. ಒದ್ದೆ ಕೈಯಲ್ಲೇ ಫೋನ್ ಎತ್ತಿದೆ.

"ಮಂಜ, ಎಲ್ಲಿದೀಯ?"

"ಅಂಗಡಿ ಬಾಗಿಲು ತೆಗೀತಿದೀನಿ. ಯಾಕಕ್ಕ, ಹುಷಾರಾಗಿದೀಯ ತಾನೆ?"

"ನಾನು ಹುಷಾರಾಗಿದೀನಿ. ಕಾಳು ಜಾಸ್ತಿ ನೆನೆಹಾಕ್ಬಿಟ್ಟೆ. ಒಬ್ಳ ಕೈಲಿ ಹಿದುಕಕ್ ಆಗ್ತಿಲ್ಲ."

ಆ ಕಡೆ ಷಟರಿನ ಸದ್ದು ಅರ್ಧಕ್ಕೆ ನಿಂತಿತು.

"ಸಿಪ್ಪೇಲೇ ಸತ್ವ ಅಂತಿದ್ದೆ?"

"ಸತ್ವ ಸಿಪ್ಪೇಲೇ ಐತೆ. ಸಿಪ್ಪೆ ನಾನ್ ತಿಂದ್ಕೋತೀನಿ, ನೀನು ಹಿದುಕಕ್ ಬಾ."

"ಊಟ ಆಯ್ತಕ್ಕ ನಂದು."

"ಬೆಳಗ್ ಬೆಳಗ್ಗೆ ಊಟನಾ? ಊಟಕ್ ಯಾರ್ ಕರೆದ್ರೋ ನಿನ್ನ? ಕೆಲ್ಸಕ್ ಕರೀತಿರೋದು."

ಅವನು ನಕ್ಕದ್ದು ಕೇಳಿಸಿತು. ಷಟರು ಮತ್ತೆ ಕೆಳಗಿಳಿದ ಸದ್ದೂ ಕೇಳಿಸಿತು.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕನ್ನು ಬೈಯುತ್ತಾ ಬಂದ. ಪ್ಯಾಂಟು ಮಡಚಿ ಎದುರು ಕೂತ. ಪುಳಕ್, ಪುಳಕ್ ಎಂಬ ಸದ್ದು ಮಾತ್ರ. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯ ಅಂಚಿಗೆ ಬಂತು, ಅವನ ಮೊಣಕಾಲಿಗೆ ಬಂತು. ಸಿಪ್ಪೆಗಳು ಒಂದು ಕಡೆ ಸಣ್ಣ ಗುಡ್ಡೆಯಾದವು. ಯಾವ ಕಾಲದ ಬೆಳಗು ಇದು ಎಂದು ಕೇಳಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ.

"ಮಂಜ," ಅಂದೆ. "ಅವತ್ತು ಛತ್ರದಲ್ಲಿ..."

ಬೇಳೆಯೊಂದು ಬಂದು ನನ್ನ ಮೂಗಿಗೆ ಹೊಡೆಯಿತು.

"ಕೈ ನೋಡ್ಕೊಂಡು ಹಿದುಕಕ್ಕ" ಅಂದ, ತಲೆ ಎತ್ತದೆ. ಆಮೇಲೆ ಅವನೇ ಶುರು ಮಾಡಿದ. "ಲತಾ ಹೇಳಿರ್ತಾಳೆ ಬಿಡು, ನಂಗೊತ್ತು. ಒಂದು ವಿಚಿತ್ರ ಹೇಳ್ಲಾ? ಬೇಕರೀಲಿ ನಿಂತ್ಕೊಂಡ್ ತಿಂದ್ರೆ ರುಚೀನೇ ಗೊತ್ತಾಗಲ್ಲ. ಯಾರಾದ್ರೂ ನೋಡ್ಬಿಡ್ತಾರೆ ಅಂತ ಗಬಕ್ಕನೆ ನುಂಗ್ಬಿಡ್ತೀನಿ. ತಿಂದಂಗೇ ಆಗಿರಲ್ವಲ್ಲ, ಇನ್ನೊಂದ್ ತಗೋತೀನಿ."

"ನಾನೆಲ್ಲಿ ನೋಡಕ್ ಬರ್ತೀನೋ ಅಲ್ಲಿ?"

"ನಿನ್ ಕಣ್ಣು ಅರೆಕೆರೆ ಗೇಟ್ ತನಕ ಬರ್ತಿತ್ತು."

ನಗಬೇಕೆಂದುಕೊಂಡೆ. ನಗು ಬರಲಿಲ್ಲ. "ತಪ್ಪಾಯ್ತು ಕಣೋ" ಎಂದೆ. ಅಂದುಬಿಟ್ಟ ಮೇಲೆ ಅದು ಅಷ್ಟೇನೂ ದೊಡ್ಡ ಮಾತಾಗಿರಲಿಲ್ಲ.

"ಯಾವುದಕ್ಕೆ? ಬೆಲ್ಲ ಇಟ್ಟಿದ್ದಕ್ಕಾ, ಕಿತ್ಕೊಂಡಿದ್ದಕ್ಕಾ?"

"ಎರಡಕ್ಕೂ."

"ಬೆಲ್ಲದ್ದು ಬಿಡು. ಅದಿಲ್ದಿದ್ರೆ ಅವ್ವ ಕಳೆ ಕಿತ್ತಂಗೇ." ಕಾಳನ್ನು ಬೆರಳಲ್ಲಿ ಹಿಡಿದು, ಹಿದುಕದೆ, ಸ್ವಲ್ಪ ಹೊತ್ತು ನೋಡಿದ. "ಇನ್ನೊಂದಕ್ಕೆ ಅಡುಗೆ ಮಾಡಿ ಹಾಕು. ಹಸಿವಾಗ್ತೈತೆ."

"ಊಟ ಆಗಿತ್ತಲ್ಲ?"

"ಹಿದುಕಿ ಹಿದುಕಿ ಅರಗೋಯ್ತು."

ಸಾರು ಕುದಿಯುವಾಗ ಮನೆಯೆಲ್ಲ ಅವ್ವನ ಮನೆಯಾಯಿತು. ಜರಡಿ ಹಿಡಿಯದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದೆ, ಸೊಪ್ಪಿನ ಪಲ್ಯ ಮಾಡಿದೆ. ಸಿಪ್ಪೆಯನ್ನು ನಾನು ತಿನ್ನಲಿಲ್ಲ. ಹಿಂದಿನ ಬೀದಿಯ ಹಸುವಿಗೆ ಹಾಕಿದೆ. ಚಾಪೆಯ ಮೇಲೆ ಅವನ ಎದುರಿಗೆ ಕೂರದೆ ಪಕ್ಕದಲ್ಲಿ ಕೂತೆ. ಬಡಿಸಲಿಲ್ಲ. ಸಾರಿನ ಪಾತ್ರೆಯನ್ನು ಇಬ್ಬರ ನಡುವೆ ಇಟ್ಟು, ಸೌಟಿನ ಹಿಡಿಯನ್ನು ಅವನ ಕಡೆ ತಿರುಗಿಸಿ, ಮುಖವನ್ನು ಕಿಟಕಿಯ ಕಡೆ ಮಾಡಿಕೊಂಡೆ. ನುಗ್ಗೆ ಮರದ ಮೇಲೆ ಒಂದು ಅಳಿಲು ಬಾಲ ಕುಣಿಸುತ್ತಿತ್ತು. ಅದನ್ನೇ ನೋಡಿದೆ.

ಸೌಟಿನ ಸದ್ದಾಯಿತು. ಮುದ್ದೆ ಮುರಿದ. ನುಂಗಿದ. "ಹಾ" ಎಂದ, ತನ್ನಷ್ಟಕ್ಕೆ. ಮುಖ ನೋಡದಿದ್ದರೂ ಕಣ್ಣು ಅರ್ಧ ಮುಚ್ಚಿಕೊಂಡಿದ್ದಾನೆ ಎಂದು ನನಗೆ ಗೊತ್ತಾಯಿತು. ಅವಸರವಿಲ್ಲದೆ ಉಣ್ಣುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು. ಎರಡನೇ ಸಲ. ಹಳೆಯ ಮಾತು ನಾಲಗೆಯ ತುದಿಗೆ ಬಂತು, ಕತ್ತು ತಾನಾಗಿ ತಿರುಗಲು ನೋಡಿತು. ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದು ಅಳಿಲನ್ನು ನೋಡುತ್ತಲೇ ಇದ್ದೆ.

ಬೆಚ್ಚಗಿನ ಸಾರು ಬಂದು ನನ್ನ ತಟ್ಟೆಗೆ ಬಿತ್ತು.

"ಮುದ್ದೆ ಆರೋಗ್ತೈತೆ. ಉಣ್ಣು" ಅಂದ ಮಂಜ.

ತಿರುಗಿ ನೋಡಿದೆ. ಅವ್ವ ಹೇಳಿಕೊಟ್ಟ ಹಾಗೆ ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಬಡಿಸಿದ್ದ. ಅದಕ್ಕೇ ಅರ್ಧ ಸಾರು ಚಾಪೆಯ ಮೇಲೆ ಬಿದ್ದಿತ್ತು.